ಬದಿಯಿಂದ ಬಂದ ಬಲೆ

"ಹೆಬ್ಬೆಟ್ಟ್ ಕಡೀಕ್ ಒತ್ತಲಕ್ಕ್. ಮೊದ್ಲ್ ಉಣ್ಣಿ, ಬಂಗ್ಡಿ ತಣ್ದ್ ಹೋತ್ತ್," ಎಂದ ಜಿತೇಂದ್ರ.

ಕುಸುಮಾವತಿ ಉಣ್ಣಲಿಲ್ಲ. ಅವನ ಬೆರಳುಗಳನ್ನೇ ನೋಡಿದಳು. ಆ ಬೆರಳುಗಳು ಬಂಗುಡೆಯ ಬೆನ್ನು ಸೀಳಿ, ನಡುಮುಳ್ಳನ್ನು ಒಂದೇ ಎಳೆತಕ್ಕೆ ಕಿತ್ತು, ತಟ್ಟೆಯ ಅಂಚಿಗೆ ಒರಗಿಸಿದವು. ಬೆರಳಿಗೆ ಮೂರು ಉಂಗುರ, ಮೈಗೆ ರೇಷ್ಮೆಯ ಕೆಂಪು ಅಂಗಿ ಬಂದಿದ್ದರೂ ಕೈ ಮಾತ್ರ ಇನ್ನೂ ಬೀಜಾಡಿಯ ಮೀನುಗಾರನದ್ದೇ.

ಈ ಕೈಯೇ ನನ್ನ ತಮ್ಮನ ಕುತ್ತಿಗೆ ಹಿಡಿದು ನೀರಿಗೆ ಅದುಮಿದ್ದು ಎಂದು ಅವಳ ಒಳಗೊಂದು ದನಿ ಹೇಳಿತು. ಆ ದನಿ ಇಪ್ಪತ್ತೆರಡು ದಿನದಿಂದ ಇದನ್ನೇ ಹೇಳುತ್ತಿತ್ತು. ಕುಂದಾಪುರದ ಮಾರ್ಕೆಟ್ಟಿನಲ್ಲಿ ಅವಳು ಆ ದಿನಗಳಲ್ಲಿ ಕೊಯ್ದ ಒಂದೊಂದು ಮೀನಿಗೂ ಜಿತೇಂದ್ರನ ಮುಖವಿತ್ತು. ಪಾಪ, ಮೀನುಗಳಿಗೆ ಅದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ.

ಬೀಜಾಡಿಯ ದಂಡೆಯಲ್ಲಿ ಹೆಣವಾಗಿ ಸಿಕ್ಕ ನಾಗ ಅವಳಿಗಿದ್ದ ಒಬ್ಬನೇ ತಮ್ಮ. ಕುಡಿದು ಬಿದ್ದು ಮುಳುಗಿದ ಎಂದು ಪೊಲೀಸರು ಫೈಲು ಮುಚ್ಚಿದ್ದರು. ನಾಗ ಹುಟ್ಟಿದ ಲಾಗಾಯ್ತು ಹೆಂಡದ ವಾಸನೆ ನೋಡಿದವನಲ್ಲ.

ಬೈಂದೂರು ಪೇಟೆಯ ನಡುಮಧ್ಯದಲ್ಲಿದ್ದ ಜಿತೇಂದ್ರನ ಹೊಸ ಲಾಡ್ಜಿನ ಮೇಲಂತಸ್ತು ಅದು. ಬಾಗಿಲಿಗೆ 'ಫ್ಯಾಮಿಲಿ ರೂಮ್' ಎಂಬ ಬೋರ್ಡು. ಒಳಗೆ ಕೂತ ಮೂವರಲ್ಲಿ ಯಾರೂ ಯಾರ ಫ್ಯಾಮಿಲಿಯೂ ಅಲ್ಲ. ಮೇಜಿನ ಮೇಲೆ ಮೂರು ಊಟ, ಊಟದ ಪಕ್ಕ ಒಂದು ಸ್ಟಾಂಪ್ ಪೇಪರು, ಅದರ ಮೇಲೆ ನೀಲಿ ಶಾಯಿಯ ಡಬ್ಬಿ.

ಪೇಪರಿನಲ್ಲಿದ್ದದ್ದು ಬೀಜಾಡಿಯ ದಿಬ್ಬ, ಅವಳ ಮನೆತನದ ಆಸ್ತಿ. ತೆಂಗಿನ ಸಾಲಿಗೂ ಕಡಲಿಗೂ ನಡುವೆ ಮುಷ್ಟಿಯಷ್ಟು ಮರಳು. ಅಜ್ಜನ ಕಾಲದಿಂದ ಊರವರು ಅಲ್ಲಿ ನಿಂತೇ ಬಲೆ ಎಳೆಯುವುದು. ಬ್ರಹ್ಮಾವರದಲ್ಲೊಂದು, ಕುಂದಾಪುರದಲ್ಲೊಂದು, ಇಲ್ಲೊಂದು ಹೋಟೆಲು ಮಾಡಿ ಮುಗಿಸಿದ ಜಿತೇಂದ್ರನಿಗೆ ಆ ದಿಬ್ಬದ ಮೇಲೆ ರಿಸಾರ್ಟು ಕಟ್ಟಬೇಕಿತ್ತು. ನಾಗ ಸಹಿ ಹಾಕಲಿಲ್ಲ. ಈಗ ನಾಗನಿಲ್ಲ. ಹಾಗಾಗಿ ಅಕ್ಕನ ಹೆಬ್ಬೆಟ್ಟಿಗೆ ಎಲ್ಲಿಲ್ಲದ ಮರ್ಯಾದೆ ಬಂದಿತ್ತು.

"ಉಣ್ಣಿ ಉಣ್ಣಿ," ಎಂದು ಜಿತೇಂದ್ರ ಅವಳ ಪಕ್ಕದಲ್ಲಿದ್ದವನಿಗೂ ಹೇಳಿದ. "ನಿಮ್ಗ್ ಮುಂಬೈಯಗೆ ಇಂಥಾ ತಾಜಾ ಬಂಗ್ಡಿ ಎಲ್ಲ್ ಸಿಕ್ಕತ್?"

"ಅರೇ ಸೇಟ್, ಮತ್ ಪೂಛೋ!" ಎಂದ ಪಕ್ಕದವನು. "ಅಲ್ಲಿ ಮೀನು ಅಂದ್ರೆ ಐಸ್. ಐಸ್ ಅಂದ್ರೂ ಐಸ್."

ಈತನನ್ನು ಅವಳ ದೊಡ್ಡಪ್ಪನ ಮಗ, ದಾದರಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದವನು ಎಂದು ಜಿತೇಂದ್ರನಿಗೆ ಪರಿಚಯಿಸಲಾಗಿತ್ತು. ನಿಜದಲ್ಲಿ ಆತ ದಾದರನ್ನು ರೈಲ್ವೆ ನಕ್ಷೆಯಲ್ಲಿ ಮಾತ್ರ ಕಂಡವನು. ಕುಂದಾಪುರದಲ್ಲಿ ಚಪ್ಪಲಿ ಅಂಗಡಿಯ ಮಾಳಿಗೆಯ ಮೇಲೆ ಟ್ಯುಟೋರಿಯಲ್ ನಡೆಸುವ ಇಂಗ್ಲಿಷ್ ಮಾಸ್ತರ ರಾಜೀವ. ಬಿಡುವಿನಲ್ಲಿ ಪತ್ತೇದಾರ, ಬಿಡುವಿಲ್ಲದಾಗ ಮಿಮಿಕ್ರಿಗಾರ. ಮೈಮೇಲೆ ಸಫಾರಿ, ಕುತ್ತಿಗೆಗೆ ಸಾಲಿಗ್ರಾಮದ ಒಬ್ಬ ಯಕ್ಷಗಾನ ವೇಷಧಾರಿಯಿಂದ ಎರವಲು ತಂದ ಚಿನ್ನದ ಬಣ್ಣದ ಸರ. ಸೆಕೆಗೆ ಸರ ಬಣ್ಣ ಬಿಡತೊಡಗಿತ್ತು.

ಕೋಣೆಯ ಒಂದು ಬದಿಗೆ ಹಲಗೆಯ ತಡಿಕೆ. ಅದರಾಚೆಯ ಮೇಜಿನಲ್ಲಿ, ಲುಂಗಿ ಉಟ್ಟು, ಗಿರಾಕಿಯ ಹಾಗೆ ಉಣ್ಣುತ್ತ ಕೂತವನು ಹೆಡ್ ಕಾನ್ಸ್‌ಟೇಬಲ್ ಚಂದು. ಉಪ್ಪುಂದದ ಮೀನುಗಾರರ ಮನೆಯವನು. ಸ್ಟೇಷನ್ನಿನಲ್ಲಿ ಎಲ್ಲರೂ ಅವಳನ್ನು ಬೈದು ಕಳಿಸಿದ ದಿನ, "ಅಕ್ಕಾ, ನಂಗೂ ಇದ್ ಸಮ ಕಾಣ್ತಿಲ್ಲೆ," ಎಂದು ಗೇಟಿನ ತನಕ ಬಂದು ಹೇಳಿದ ಒಬ್ಬನೇ ಒಬ್ಬ. ಜಿತೇಂದ್ರ ಬಾಯಿ ತಪ್ಪಿದರೆ ಕೇಳಿಸಿಕೊಳ್ಳಲು ಒಂದು ಸರಕಾರಿ ಕಿವಿ ಬೇಕಿತ್ತು. ಅದಕ್ಕೇ ಅವನು ಅಲ್ಲಿದ್ದ.

ಈ ಉಪಾಯ ಹುಟ್ಟಿದ್ದು ಎರಡು ದಿನದ ಹಿಂದೆ, ಟ್ಯುಟೋರಿಯಲ್ಲಿನ ಕರಿಹಲಗೆಯ ಮೇಲೆ.

ಅಂದು ಅವಳು ಮೀನು ಕೊಯ್ಯುವ ಕತ್ತಿಯನ್ನು ಮಾಸ್ತರರ ಡಿಕ್ಷನರಿಯ ಪಕ್ಕ ಇಟ್ಟು, "ಪತ್ತೆದಾರಿ ಸಾಕ್ ಮಾಷ್ಟ್ರೆ. ಇವತ್ತ್ ಅವ್ನ ಮನೀಗ್ ಹೋತೆ," ಎಂದಿದ್ದಳು.

ಮಾಸ್ತರರು ಕತ್ತಿಯನ್ನು ನೋಡಲೇ ಇಲ್ಲ. ಎದ್ದು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಶಬ್ದ ಬರೆದರು. ಓದಿ ಹೇಳಿದರು.

"ಔಟ್‌ಫ್ಲ್ಯಾಂಕ್. ಫ್ಲ್ಯಾಂಕ್ ಅಂದ್ರೆ ಪಕ್ಕೆ. ಸೈನ್ಯದ್ದಾರೂ ಸೈ, ಎಮ್ಮಿದಾರೂ ಸೈ. ಎದುರಿಂದ ಹೋಯಿ ಗುದ್ದಿ ಗೆದ್ರೆ ಅದ್ಕ್ ಈ ಶಬ್ದ ಬಳ್ಸೂಕಾಗ. ಅಂವ ಎದುರು ಕಂಡ್ಕಂಡ್ ಇಪ್ಪ ಹೊತ್ತಿಗೆ, ಅಂವ ಕಾವಲು ಹಾಕದ ಬದಿಯಿಂದ ಸುತ್ತಿ ಬಂದ್ರೆ ಮಾತ್ರ ಔಟ್‌ಫ್ಲ್ಯಾಂಕ್. ಯುದ್ಧದಗೂ ಆತ್ತ್, ಎಲೆಕ್ಷನ್ನಗೂ ಆತ್ತ್, ವ್ಯಾಪಾರದಗೂ ಆತ್ತ್. ಎದುರಂಗಡಿಯಂವ ಸಾಮಾನಿನ ರೇಟ್ ಇಳ್ಸಿದ ಅಂದ್ ಮಾಡಿ. ನೀವ್ ಇಳ್ಸೂಕೆ ಹೋಪ್ದಿಲ್ಲ. ಅವ್ನಿಗೆ ಸಾಮಾನ್ ತಂದ್ ಕೊಡುವ ಲಾರಿಯವ್ನನ್ನೇ ನಿಮ್ ಬದಿಗ್ ಮಾಡ್ಕಂತ್ರಿ. ಆಯ್ತ್, ಅಂವ ಔಟ್‌ಫ್ಲ್ಯಾಂಕ್ಡ್."

ಆಮೇಲೆ ಚಾಕ್‌ಪೀಸನ್ನು ಬೆತ್ತದ ಹಾಗೆ ಹಿಡಿದು, ಯಾವುದೋ ಕಾಲದ ಹೆಡ್‌ಮಾಸ್ತರರೊಬ್ಬರ ಮೂಗಿನ ದನಿಯಲ್ಲಿ, "ಇದು ಸಕರ್ಮಕ ಕ್ರಿಯಾಪದ. 'ಯಾರನ್ನು?' ಎಂದು ಕೇಳಿದರೆ ಉತ್ತರ ಬರಲೇಬೇಕು," ಎಂದರು.

"ಉತ್ರ ಇತ್ತ್," ಎಂದಿದ್ದಳು ಕುಸುಮಾವತಿ. "ಜಿತೇಂದ್ರನ್ನ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಚಂದು ಗಟ್ಟಿಯಾಗಿ ನಕ್ಕಿದ್ದ.

ಅವಳು ಮಾಸ್ತರರ ಕೈಯಿಂದ ಚಾಕ್ ಕಿತ್ತುಕೊಂಡಳು. "ಇಷ್ಟಕ್ಕೆ ಇಂಗ್ಲಿಷ್ ಬೇಕಾ ಮಾಷ್ಟ್ರೆ? ನಮ್ ಕೈರಂಪಣಿ ಬಲೆ ಕಾಣಿ." ಹಲಗೆಯ ಮೇಲೆ ದಂಡೆಗೆ ಒಂದು ಗೀಟು, ಕಡಲಿಗೆ ಒಂದು ಅರ್ಧಚಂದ್ರ. ದೋಣಿ ತೆಂಕು ಬದಿಯಿಂದ ಹೊರಡುತ್ತದೆ. ಮೀನಿನ ಹಿಂಡಿನ ಹತ್ತಿರ ಹೋಗುವುದಿಲ್ಲ. ದೂರದಿಂದ ಸುತ್ತಿ, ಹಿಂಡಿನ ಬೆನ್ನ ಹಿಂದೆ ಬಲೆ ಬಿಡುತ್ತ ಬಿಡುತ್ತ ಬಡಗು ಬದಿಗೆ ಬಂದು ದಡ ಸೇರುತ್ತದೆ. ಬಲೆಯ ಎರಡು ತುದಿಯೂ ದಂಡೆಯ ಜನರ ಕೈಯಲ್ಲಿ. "ಮೀನ್ ಆಚಿಗ್ ಈಚಿಗ್ ಆಡ್ಕಂಡೇ ಇರತ್. ಸುತ್ತ್ ಬಂದದ್ದ್ ಅದ್ಕ್ ಗೊತ್ತಾಪುದ್ ಎಳುಕ್ ಶುರು ಮಾಡ್ದ್ ಮೇಲೆ."

ದೋಣಿ ಎಲ್ಲಿಂದ ಸುತ್ತಬೇಕು ಎಂದು ಹೇಳುವವನು ದಿಬ್ಬದ ಮೇಲೆ ನಿಂತಿರುತ್ತಾನೆ. ನಸುಕಿನಲ್ಲಿ ನೀರಿನ ಬಣ್ಣ ನೋಡಿ, ಹಿಂಡು ಎಲ್ಲಿದೆ, ಎತ್ತ ತಿರುಗುತ್ತದೆ ಎಂದು ಓದಿ, ಹೆಗಲ ಮೇಲಿನ ಬೈರಾಸು ಬೀಸಿ ದಿಕ್ಕು ತೋರಿಸುತ್ತಾನೆ. ಬೀಜಾಡಿಯಲ್ಲಿ ಹಾಗೆ ನೀರು ಓದುವವನು ನಾಗ.

ಅವನು ಸತ್ತ ಬೆಳಿಗ್ಗೆ ದೋಣಿ ಇಳಿದಿರಲಿಲ್ಲ. ದಂಡೆಗೆ ಜನ ಬಂದಿರಲಿಲ್ಲ. ಕಂಡವಳು ಒಬ್ಬಳೇ, ತೋಡಿನ ಆಚೆ ಬದಿ ಚಿಪ್ಪು ಹೆಕ್ಕುತ್ತಿದ್ದ ಎಪ್ಪತ್ತರ ಮುದುಕಿ ಬಾಗಿ. ಬೆಳಿಗ್ಗೆ ಆರರ ಹೊತ್ತಿಗೆ ತೆಂಕು ಬದಿಯ ನೀರು ಕೆಂಪೇರಿತು, ಹಿಂಡು ಎರಡು ಸೀಳಾಗಿ ಹೊರಟೇ ಹೋಯಿತು, ದಿಬ್ಬದ ಮೇಲೆ ಇಬ್ಬರು ಗಂಡಸರಿದ್ದರು. ಒಬ್ಬ ನಾಗ. ಇನ್ನೊಬ್ಬ ಯಾರೆಂದು ಹೇಳಲು ಅವಳಿಗೆ ಹೆಸರು ಸಿಕ್ಕಲಿಲ್ಲ. ಕುಸುಮಾವತಿ ಈ ಮಾತನ್ನು ಮಾಸ್ತರರಿಗೆ ಹೇಳಿದಳು. ಮಾಸ್ತರರು ಚಂದುವಿಗೆ ಹೇಳಿದರು. ಚಂದು ಬಾಗಿಯ ಮನೆಯ ಜಗಲಿಯಲ್ಲಿ ಅವಳ ಎದುರೇ ಕೂತು, ಅವಳು ಕೊಟ್ಟ ಬೆಲ್ಲನೀರು ಕುಡಿದು, ಎಲ್ಲ ಬರೆದುಕೊಂಡು ಹೋಗಿದ್ದ.

ಜಿತೇಂದ್ರ ಹೇಳುತ್ತಿದ್ದದ್ದು ಒಂದೇ: ಆ ದಿನ ನಾನು ಊರಲ್ಲೇ ಇಲ್ಲ, ಮುಂಬಯಿಯ ರೈಲಿನಲ್ಲಿ ಬಂದು ಬೈಂದೂರಿನಲ್ಲಿ ಇಳಿದೆ. 'ಎಲ್ಲಿದ್ದೆ?' ಎಂದು ಎದುರಿನಿಂದ ಕೇಳಿದವರಿಗೆಲ್ಲ ಟಿಕೆಟ್ಟು ತೋರಿಸುತ್ತಿದ್ದ. ಟಿಕೆಟ್ಟು ಯಾರು ಬೇಕಾದರೂ ತೆಗೆಯಬಹುದಲ್ಲ? ಹಾಗಾಗಿ ಮಾಸ್ತರರು ಬದಿಯ ದಾರಿಯೊಂದನ್ನು ಹುಡುಕಿದ್ದರು.

"ಮೀನಿನ ಮುಂದೆ ಕೂತು ಮೀನಮೇಷ ಎಣಿಸಬಾರದು," ಎಂದು ರಾಜೀವ ಈಗ ತಟ್ಟೆಯ ಕಾಣೆ ಮೀನಿನ ಬಾಲ ಮುರಿದ. "ಸೇಟ್, ನಾನು ಮೊನ್ನೆ ಬಂದ ಗಾಡಿ ಒಂದು ನಿಮಿಷ ಲೇಟಿಲ್ಲ. ನನಗೆ ರೈಲೆಂದರೆ ಪ್ರಾಣ." ಮೂಗು ಹಿಡಿದು, ಸ್ಟೇಷನ್ನಿನ ಹೆಣ್ಣುದನಿ ತೆಗೆದ. "ಯಾತ್ರೀಗಣ್ ಕೃಪಯಾ ಧ್ಯಾನ್ ದೇಂ..."

ಜಿತೇಂದ್ರ ಹೊಟ್ಟೆ ಹಿಡಿದು ನಕ್ಕ. "ಎಂಥಾ ಮಾರಾಯ್ರೆ ನೀವ್! ಬೋಂಡ ಮಾರೂದೂ ಬತ್ತಾ?"

ರಾಜೀವ ಬೋಂಡ ಮಾರಿದ, ಟೀ ಮಾರಿದ, ಟಿ.ಸಿ.ಯಾಗಿ ಗದರಿದ. ಕುಸುಮಾವತಿ ಜಿತೇಂದ್ರನ ಬಾಯಿಯನ್ನೇ ನೋಡಿದಳು. ಬಲೆ ಬೀಳುತ್ತಿದೆ.

"ನೀವೂ ಕಳೆದ ತಿಂಗಳು ಅದೇ ಗಾಡಿಗೆ ಬಂದ್ರಿ ಅಂತ ತಂಗಿ ಹೇಳಿದಳು. ಆರಾಮಾಗಿ ಬಂದ್ರಾ? ಹತ್ತಕ್ಕೆ ಸರಿಯಾಗಿ ಇಳಿಸಿದ್ನಾ?"

ಆ ದಿನ ಕಾರವಾರದ ಆಚೆ ಹಳಿಯ ಮೇಲೆ ಮರ ಬಿದ್ದು ಗಾಡಿ ಮೂರು ಗಂಟೆ ತಡವಾಗಿತ್ತು. ಗಾಡಿಯಲ್ಲಿ ಕೂತವನಿಗೆ ಅದು ಮರೆಯುವ ಸಂಗತಿಯಲ್ಲ. ಕೂರದವನಿಗೆ ಗೊತ್ತಿರುವ ಸಂಗತಿಯೂ ಅಲ್ಲ.

ಜಿತೇಂದ್ರ ಬೆರಳುಗಳನ್ನು ಒಂದೊಂದಾಗಿ ನೆಕ್ಕಿ, ಲೋಟದ ನೀರಿನಲ್ಲಿ ಅದ್ದಿ, ಟವೆಲಿಗೆ ಒರೆಸಿದ.

"ಎಲ್ಲ್ ಹತ್ತ್? ಮಧ್ಯಾನ ಒಂದ್ ಗಂಟಿ ಆಯ್ತ್. ಕಾರವಾರದ್ ಆಚಿಗ್ ಮರ ಬಿದ್ದಿತ್ತಲೆ," ಎಂದ. ಆಮೇಲೆ ಬಹಳ ಮೆತ್ತಗೆ, "ನೀವ್ ಕೇಂಬುಕ್ ಹೊರ್ಟದ್ದ್ ಅದೇ ಅಲ್ದಾ, ರಾಜೀವ ಮಾಷ್ಟ್ರೆ?"

ರಾಜೀವನ ಕೈಯಲ್ಲಿದ್ದ ಕಾಣೆ ಕೈಯಲ್ಲೇ ಉಳಿಯಿತು.

"ನಿಮ್ದ್ ಎಂತದೋ ಶಬ್ದ ಇತ್ತಲೆ. ಹಲಗಿ ಮೇಲ್ ಬರ್ದದ್ದ್. ಔಟ್‌ಫ್ಲ್ಯಾಂಕ್. ನಂಗ್ ಇಂಗ್ಲಿಷ್ ಬತ್ತಿಲ್ಲೆ, ನಾ ಪ್ಲೇಟ್ ತೊಳ್ದ್ ಮೇಲ್ ಬಂದಂವ. ಅದ್ರ ಅರ್ಥ ಇದೇಯಾ, ಕಂಡ್ ಹೇಳಿ ಕಾಂಬ?"

ಮಾಸ್ತರರ ಬಾಯಿಂದ ಹಿಂದಿ ಮಾಯವಾಯಿತು. "ಅಯ್ಯಬ್ಬಾ," ಎಂದದ್ದು ಅಪ್ಪಟ ಕೋಟದ ಕನ್ನಡದಲ್ಲಿ.

ಔಟ್‌ಫ್ಲ್ಯಾಂಕ್ ಎಂದು ಹಲಗೆಯ ಮೇಲೆ ಬರೆದಾಗ ಟ್ಯುಟೋರಿಯಲ್ಲಿನಲ್ಲಿದ್ದದ್ದು ಮೂವರು. ಕುಸುಮಾವತಿ ಮೊದಲು ರಾಜೀವನ ಮುಖ ನೋಡಿದಳು. ಮುಖ ಸುಟ್ಟ ಹಪ್ಪಳದ ಹಾಗಿತ್ತು. ಅಷ್ಟು ಚೆನ್ನಾದ ಮಿಮಿಕ್ರಿ ಇವರಿಗೂ ಬರುವುದಿಲ್ಲ. ಹಾಗಾದರೆ ಉಳಿದವನು ಒಬ್ಬ.

ತಡಿಕೆಯಾಚೆ ಯಾರೋ ಮೀನಿನ ತಲೆಯನ್ನು ನಿಧಾನವಾಗಿ ಚೀಪುವ ಸದ್ದು ಬಂತು.

ಚಂದು ತನ್ನನ್ನು ಮಾರಿಕೊಂಡಿದ್ದ. ಸರಕಾರಿ ಕಿವಿಯನ್ನು ತಾನೇ ಕರೆತಂದು ಶತ್ರುವಿನ ಮನೆಯಲ್ಲಿ ಊಟಕ್ಕೆ ಕೂರಿಸಿದ್ದಳು. ಅವಳಿಗೆ ಕಣ್ಣು ಕತ್ತಲಿಟ್ಟಿತು. ಆದರೆ ಆ ಕತ್ತಲೆಯಲ್ಲಿ ಅವಳ ಸಿಟ್ಟು ಮಾತ್ರ ನೆಟ್ಟಗೆ ನಿಂತೇ ಇತ್ತು. ಸಾಕ್ಷಿ ಹೋದರೆ ಹೋಗಲಿ. ಕೋರ್ಟಿಗೆ ಬೇಡ, ತನಗೆ ಬೇಕು. ಇವನೇ ಹೌದು ಎಂದು ಇವನ ಬಾಯಿಂದಲೇ ಒಮ್ಮೆ ಕೇಳಬೇಕು. ಆಮೇಲಿನ ದಾರಿ ಆಮೇಲೆ.

ಅವಳು ಶಾಯಿಯ ಡಬ್ಬಿ ಹತ್ತಿರ ಎಳೆದುಕೊಂಡಳು.

"ಕುಸುಮಕ್ಕ, ಬ್ಯಾಡಿ," ಎಂದ ರಾಜೀವ.

"ಸುಮ್ಗಿರಿ ಮಾಷ್ಟ್ರೆ. ನಿಮ್ ಶಬ್ದ ಕಟ್ಟ್ಕಂಡ್ ಇಷ್ಟ್ ದೂರ ಬಂದದ್ ಸಾಕ್." ಅವಳ ದನಿ ಮುರಿದಿತ್ತು, ಮುರಿದಂತೆ ಮಾಡುವುದು ಅವಳಿಗೆ ಕಷ್ಟವೇನೂ ಆಗಲಿಲ್ಲ. "ಒತ್ತ್ತೆ ಮಾರಾಯ ಜಿತೇಂದ್ರ. ಯಾರಿಗಾಯಿ ಹೊಡ್ದಾಡೂದ್? ಒಂದ್ ನೀರ್ ಓದುಕ್ ಬಾರದ್ ತಮ್ಮನಿಗಾಯಾ?"

ಜಿತೇಂದ್ರ ತಲೆಯೆತ್ತಿದ. "ಎಂತ ಹೇಳಿದೆ?"

"ಇಡೀ ಊರೇ ಹೇಳ್ತ್. ನಾಗನಿಗೆ ಕಡೀಕ್ ಕಣ್ಣ್ ಹೋಯಿತ್ತ್ ಅಂಬ್ರ್. ಅವತ್ತ್ ಬೆಳಿಗ್ಗೆ ಬಂಗ್ಡಿ ಹಿಂಡ್ ಬಡ್ಗ್ ಬದಿಯಗೆ ಬಂದಿತ್ತಂಬ್ರ್, ನೀರ್ ಕಪ್ಪಾಯಿ. ಇಂವ ಗೂಬಿ ಕಂಡಾಂಗೆ ತೆಂಕ್ ಬದಿ ಕಂಡ್ಕಂಡ್ ನಿಂತಿದ್ನಂಬ್ರ್. ಊರಿನ್ ಅನ್ನ ಕಳ್ದ. ಅಂಥವ್ನಿಗ್ ದಿಬ್ಬ ಎಂತಕೆ?"

"ಯಾರ್ ಹೇಳಿದ್ ಬಡ್ಗ್ ಬದಿ ಅಂದ್?" ಜಿತೇಂದ್ರನ ಕುರ್ಚಿ ಹಿಂದಕ್ಕೆ ಸರಿಯಿತು. "ಯಾವ ಕುರ್ಡ ಹೇಳಿದ್? ತೆಂಕ್! ತೆಂಕ್ ಬದಿಯೇ. ನೀರ್ ಕಪ್ಪಲ್ಲ, ಕೆಂಪ್. ಕುಂಕ್ಮ ಚೆಲ್ದಾಂಗೆ ಬಂತ್, ಮಧ್ಯ ಸೀಳ್ತ್, ಎರಡ್ ಹೋಳಾಯಿ ಹೋಯ್ತ್. ನಾಗ ಕಂಡದ್ದ್ ಸಮವೇ. ಅವ್ನಂಥಾ ಕಣ್ಣ್ ಈ ಕರಾವಳಿಯಗೆ ಯಾರಿಗ್ ಇತ್ತ್? ನಂಗ್ ನೀರ್ ಓದುಕ್ ಕಲ್ಸಿದ್ ಅಂವ. ಅವ್ನ ಮೇಲ್ ಆ ಸುಳ್ಳ್..."

ಅಲ್ಲಿಗೆ ನಿಂತ.

ಫ್ಯಾನು ಮೂರು ಸುತ್ತು ತಿರುಗಿತು.

ದುಡ್ಡು ಬಂದವನು ಹೆಂಡತಿಯ ಮೇಲೆ ಬಂದ ಸುಳ್ಳನ್ನೂ ಕೇಳಿ ಸುಮ್ಮನಿರಬಲ್ಲ. ನೀರು ಓದಲು ಕಲಿತವನಿಗೆ ತಪ್ಪು ಓದನ್ನು ಕೇಳಿ ಸುಮ್ಮನಿರಲು ಆಗುವುದಿಲ್ಲ. ಆ ಬದಿಗೆ ಜಿತೇಂದ್ರ ಕಾವಲು ಹಾಕಿರಲಿಲ್ಲ.

"ಮಧ್ಯಾನ ಒಂದ್ ಗಂಟೆಗೆ ಬೈಂದೂರಗೆ ರೈಲ್ ಇಳ್ದಂವ," ಎಂದಳು ಕುಸುಮಾವತಿ, ಒಂದೊಂದೇ ಶಬ್ದ ಇಳಿಸುತ್ತ, "ಬೆಳಿಗ್ಗೆ ಆರ್ ಗಂಟೆಗೆ ಬೀಜಾಡಿ ನೀರಿನ್ ಬಣ್ಣ ಹ್ಯಾಂಗ್ ಕಂಡೆ?"

ಜಿತೇಂದ್ರನ ಮುಖದಲ್ಲಿ ಒಂದು ಗಳಿಗೆ ಹೋಟೆಲಿನವನು ಹೋಗಿ, ನಾಗನ ಜೊತೆ ಹಗ್ಗ ಎಳೆಯುತ್ತಿದ್ದ ಹಳೆಯ ಹುಡುಗ ಇಣುಕಿದ. ಅವಳಿಗೆ ಅದನ್ನು ನೋಡಿ ಕರುಣೆ ಬರಲಿಲ್ಲ. ಇನ್ನಷ್ಟು ಸಿಟ್ಟು ಬಂತು. ಕಲಿಸಿದವನನ್ನೇ ಮುಳುಗಿಸಿದವನು ಇವನು.

"ಚಂದೂ," ಎಂದು ಕರೆದ ಜಿತೇಂದ್ರ.

ಚಂದು ತಡಿಕೆಯ ಬಾಗಿಲಿನಿಂದ ಒಳಗೆ ಬಂದ. ಲುಂಗಿಗೆ ಕೈ ಒರೆಸಿಕೊಂಡ.

"ನಿಂಗ್ ಎಂತಾರೂ ಕೇಣ್ತಾ?"

"ಫ್ಯಾನಿನ್ ಶಬ್ದ ಕೇಣ್ತ್ ಅಣ್ಣಾ," ಎಂದ ಚಂದು. ಕುಸುಮಾವತಿಯ ಕಡೆ ತಿರುಗಿ, ಅದೇ ಹಳೆಯ ಮರ್ಯಾದೆಯಲ್ಲಿ, "ಊಟ ಮಾಡಿ ಅಕ್ಕಾ," ಎಂದ.

"ಥೂ, ನಿನ್ ಜನ್ಮಕ್ಕೆ!" ಎಂದ ರಾಜೀವ.

"ಮಾಷ್ಟ್ರೆ, ನಿಮ್ಮದ್ ಆಯ್ತ್," ಎಂದ ಜಿತೇಂದ್ರ. ಅವನ ದನಿ ಮತ್ತೆ ಹೋಟೆಲಿನದಾಗಿತ್ತು. "ಕುಸುಮಾ, ನಿಂಗ್ ಗೊತ್ತಾಯ್ತ್, ಅಲ್ದಾ? ಗೊತ್ತಾದ್ರ್ ಎಂತ ಮಾಡ್ತೆ? ನಿನ್ನ್ ಬಾಗಿ ಅಜ್ಜಿ ಕೆಳಗ್ ನನ್ನ್ ಕಾರಗೆ ಕೂತಿತ್. ಕಣ್ಣಿನ್ ಆಪ್ರೇಶನ್ ಮಾಡ್ಸುಕ್ ಕರ್ಕ ಹೋತೆ ಅಂದ್ರೆ, ಪಾಪ, ಹೊಸ ಸೀರಿ ಉಟ್ಕಂಡ್ ಬಂದಿತ್. ನೀ ಇಲ್ಲ್ ಹೆಬ್ಬೆಟ್ಟ್ ಒತ್ತ್. ಅಜ್ಜಿ ಸಂಜಿಗ್ ಮನೀಗ್ ಹೋತ್ತ್. ಒತ್ತ್ದಿರೆ ಆಸ್ಪತ್ರಿ ಸ್ವಲ್ಪ ದೂರ ಇತ್ತ್."

ಅವಳು ಎದ್ದು ಕಿಟಕಿಗೆ ಹೋದಳು. ಯಾರೂ ತಡೆಯಲಿಲ್ಲ, ನೋಡಿ ನಂಬಲಿ ಎಂದೇ ಬಿಟ್ಟರು.

ಕೆಳಗೆ ಬಿಳಿ ಕಾರು. ಹಿಂದಿನ ಗಾಜಿಗೆ ಒತ್ತಿಕೊಂಡ ಒಂದು ನರೆತ ತಲೆ. ಡ್ರೈವರು ಬಾನೆಟ್ಟಿಗೆ ಒರಗಿ ಬೀಡಿ ಸೇದುತ್ತಿದ್ದ. ರಸ್ತೆಯಾಚೆ ಕೊಡೆಗಳ ಸಾಲು. ಕೊಡೆಗಳ ಕೆಳಗೆ ಮೀನಿನ ಬುಟ್ಟಿಗಳು, ಬುಟ್ಟಿಗಳ ಹಿಂದೆ ಉಪ್ಪುಂದದ, ಮರವಂತೆಯ, ಬೀಜಾಡಿಯ ಹೆಂಗಸರು. ನಡುವಿನ ಕೊಡೆಯ ಕೆಳಗೆ ಅವಳ ಜೊತೆ ಇಪ್ಪತ್ತು ವರ್ಷ ಮೀನು ಹೊತ್ತ ಪುಷ್ಪ.

ಜಿತೇಂದ್ರ, ಚಂದು, ಕೆಳಗಿನ ಡ್ರೈವರು, ಮೂವರೂ ನನ್ನ ಎದುರಿಗಷ್ಟೇ ಕಾವಲಿದ್ದಾರೆ, ಎಂದುಕೊಂಡಳು ಕುಸುಮಾವತಿ. ಇವರ ಬೆನ್ನ ಹಿಂದಿನ ರಸ್ತೆಗೆ ಕಾವಲು ಯಾರೂ ಇಲ್ಲ.

ಕೈರಂಪಣಿಯ ದಂಡೆಯಲ್ಲಿ ಒಂದು ಪದ್ಧತಿಯಿದೆ. ಬಲೆ ಸುತ್ತಿ ಬಂದು ಹಗ್ಗದ ತುದಿ ದಡ ಮುಟ್ಟಿದ ಕೂಡಲೇ ಒಂದು ಕೂಗು ಹಾಕುತ್ತಾರೆ. ಆ ಕೂಗು ಕಿವಿಗೆ ಬಿದ್ದರೆ ಯಾರೇ ಇರಲಿ, ಏನೇ ಕೆಲಸವಿರಲಿ, ಬಿಟ್ಟು ಓಡಿ ಬಂದು ಹಗ್ಗಕ್ಕೆ ಕೈ ಹಾಕಬೇಕು. ಕೈ ಹಾಕಿದವರಿಗೆಲ್ಲ ಪಾಲು. ಯಾಕೆ, ಯಾರಿಗೆ ಎಂದು ಕೇಳುವುದೆಲ್ಲ ಎಳೆದಾದ ಮೇಲೆ.

ಅವಳು ಕಿಟಕಿಯ ಹೊರಗೆ ಅರ್ಧ ಮೈ ಚಾಚಿ, ಕಡಲಿಲ್ಲದ ಬೈಂದೂರು ಪೇಟೆಯ ಮಟಮಟ ಮಧ್ಯಾಹ್ನದಲ್ಲಿ, ಹೊಟ್ಟೆಯಾಳದಿಂದ ಆ ಕೂಗು ಹಾಕಿದಳು.

"ಹೋ...ಯ್! ಕೈ ಹಾಕೀ...! ಕೈ ಹಾಕೀ...! ಹ್ವಾಯ್ ಪುಷ್ಪಾ, ಬಿಳಿ ಕಾರಗೆ ಬಾಗಿ ಅಜ್ಜೀ...!"

ಕೊಡೆಗಳು ಬಿದ್ದವು. ಬುಟ್ಟಿಗಳು ಬಿಟ್ಟಲ್ಲೇ ಉಳಿದವು. ಹದಿನೈದು ಹೆಂಗಸರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ರಸ್ತೆ ದಾಟಿದರು. ಅರ್ಧ ಜನ ಕಾರಿನ ತೆಂಕಿನಿಂದ, ಅರ್ಧ ಜನ ಬಡಗಿನಿಂದ. ಯಾರೂ ಹೇಳಿಕೊಟ್ಟದ್ದಲ್ಲ. ಬಲೆ ಎಳೆಯುವವರು ಬೇರೆ ರೀತಿಯಲ್ಲಿ ನಿಲ್ಲಲು ಅರಿಯರು.

ಡ್ರೈವರು ಬೀಡಿ ನುಂಗಿದವನಂತೆ ಒಳಗೆ ಹಾರಿ ಬಾಗಿಲು ಹಾಕಿಕೊಂಡ.

"ತೆಗಿಯೋ!" ಎಂದು ಪುಷ್ಪ ಗಾಜಿಗೆ ಬಡಿದಳು. "ತೆಗಿತ್ಯೋ, ಕಾರ್ ಸಮೇತ ನಿನ್ನನ್ನೂ ಕೊಯ್ದ್ ಉಪ್ಪ್ ಹಾಕ್ಕೋ?"

ಡ್ರೈವರು ಕಾರು ಚಾಲು ಮಾಡಿದ. ಜಿತೇಂದ್ರ ಕಿಟಕಿಯ ಕಡೆ ನುಗ್ಗಿದ. ಅವನು ಬಾಯಿ ತೆರೆಯುವುದರೊಳಗೆ ಕಿಟಕಿಯಿಂದ ಅವನದೇ ದನಿ ಹೊರಟಿತು.

"ಡೋರ್ ತೆಗಿಯಾ ಬೋಸುಡಿಕೆ! ಅಜ್ಜಿನ್ ಇಳ್ಸ್! ನಾ ಹೇಳೂದ್ ಕೇಣ್ತಿಲ್ಯಾ?"

ಕೂಗಿದವನು ರಾಜೀವ. ಜಿತೇಂದ್ರನ ಗದರಿಕೆ, ಜಿತೇಂದ್ರನ ಗೊಗ್ಗರು, ಕೊನೆಗೆ ಜಿತೇಂದ್ರನ ಬೈಗುಳವೂ ಹಾಗೆ ಹಾಗೆಯೇ. ಧಣಿಯ ಬೈಗುಳ ಕೇಳಿ ಡ್ರೈವರಿನ ಕೈ ತಾನಾಗಿ ಲಾಕು ಎತ್ತಿತು. ಪುಷ್ಪ ಬಾಗಿಲು ಎಳೆದಳು. ಹೊಸ ಸೀರೆಯ ಬಾಗಿ, ಹೆಂಗಸರ ಕೈಯಿಂದ ಕೈಗೆ ದಾಟಿ, ರಸ್ತೆಯ ಆಚೆ ಬದಿಯ ನೆರಳಿಗೆ ಬಂದು ನಿಂತಳು.

ಕುಸುಮಾವತಿಗೆ ಇಪ್ಪತ್ತೆರಡು ದಿನದಲ್ಲಿ ಮೊದಲ ಬಾರಿ ನಗು ಬಂತು. ತಿರುಗಿ ಜಿತೇಂದ್ರನ ಮುಖಕ್ಕೆ ನೇರ ನಕ್ಕಳು. "ಈಗ ಹೇಳ್ ಮಾರಾಯ. ಬಲೆ ಎಲ್ಲ್ ಇತ್ತ್?"

ಜಿತೇಂದ್ರ ಕಿಟಕಿಯ ಚೌಕಟ್ಟು ಹಿಡಿದು ಕೆಳಗೆ ನೋಡಿದ. ಪಕ್ಕದಲ್ಲಿ ಚಂದು ಬಂದು ನಿಂತ, ಒಂದು ಕೈ ಸೊಂಟಕ್ಕೆ, ಒಂದು ಭುಜ ಇಳಿಬಿಟ್ಟು.

ಕೆಳಗೆ ಬಾಗಿ ಹಣೆಗೆ ಕೈಯ ಮರೆ ಮಾಡಿದಳು. ತೋಡಿನ ಆಚೆಯಿಂದ ದಿಬ್ಬವನ್ನು ನೋಡುವವಳ ಹಾಗೆ ರಸ್ತೆಯ ಆಚೆಯಿಂದ ಮೇಲೆ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಅವಳ ಬೆರಳು ಮೇಲೆದ್ದಿತು.

"ಕುಸ್ಮಾ! ಅಂವ್ನೇ ಮಗಾ! ಅವತ್ತ್ ನಾಗನ್ ಸಂಗ್ತಿ ದಿಬ್ಬದ್ ಮೇಲ್ ಇದ್ದಂವ ಅಂವ್ನೇ!"

"ಗೊತ್ತಿತ್ ಅಜ್ಜೀ!" ಎಂದು ಕೂಗಿದಳು ಕುಸುಮಾವತಿ. "ಕೆಂಪ್ ಅಂಗಿಯಂವ ಅಲ್ದಾ?"

"ಅಲ್ಲ!" ಮುದುಕಿಯ ದನಿ ಪೇಟೆಯ ಗದ್ದಲವನ್ನು ಸೀಳಿಕೊಂಡು ಬಂತು. "ಅಂವ ಅಲ್ಲ. ಅವ್ನ ಬದಿಗ್ ನಿಂತಂವ. ಜಗ್ಲಿಯಗೆ ಎದ್ರ್ ಕೂತಾಗ ಗುರ್ತ ಆಯ್ಲಿಲ್ಲ ಮಗಾ, ನನ್ ಕಣ್ಣಿಗ್ ಹತ್ರದ್ದ್ ಕಾಂತಿಲ್ಲೆ. ದೂರದಿಂದ ಈಗ್ ಕಂಡೆ. ಆ ನಿಲ್ಲುವ ಗತ್ತ್ ಕಾಣ್, ಅದೇ! ಅಂವ್ನೇ!"

ಕುಸುಮಾವತಿ ಬದಿಗೆ ತಿರುಗಲಿಲ್ಲ. ಎದುರು ಜಿತೇಂದ್ರನ ಮುಖ ಬೂದಿಯಾಗಿತ್ತು.

"ನಾ ಕಾರಗೆ ಕೂತಿದ್ದೆ ಕುಸುಮಾ," ಎಂದ ಅವನು, ತುಟಿ ಅಲ್ಲಾಡಿಸದೆ. "ದಿಬ್ಬದ್ ಕೆಳಗೆ, ನೀರ್ ಕಾಂಬ ಜಾಗ್ದಗೆ. ಹೆದ್ರಿಸಿ ಬಾ ಅಂದ್ ಕಳ್ಸಿದ್ ನಾನೇ. ಟಿಕೆಟೂ ಅಂವ್ನೇ ತಂದ್ ಕೊಟ್ಟದ್ದ್. ಅಂವ ಮಾಡಿದ್ ನಾ ಬರೀ ಕಂಡದ್ದ್. ಅವತ್ತಿನಿಂದ ನಂಗೂ..."

"ಅಣ್ಣಾ, ಸಾಕ್," ಎಂದ ಚಂದು.

ಬಾಗಿಲಿನ ಚಿಲಕ ಬಿದ್ದ ಸದ್ದಾಯಿತು. ಆಮೇಲೆ ತಡಿಕೆಯದ್ದು. ಚಂದು ಅವಸರ ಮಾಡಲಿಲ್ಲ. ರಾಜೀವನನ್ನು ಹೆಗಲು ಹಿಡಿದು ಕುರ್ಚಿಗೆ ಕೂರಿಸಿದ. ಆಮೇಲೆ ಕಿಟಕಿಗೆ ಬಂದು, ಕೆಳಗಿನ ಹದಿನೈದು ಹೆಂಗಸರನ್ನು ಒಮ್ಮೆ ನೋಡಿ, ಕದದ ಮೇಲೆ ಕೈಯಿಟ್ಟ.

"ಈಚಿಗ್ ಬನ್ನಿ ಅಕ್ಕಾ," ಎಂದ, ಸ್ಟೇಷನ್ನಿನ ಗೇಟಿನ ತನಕ ಬಂದು ಮಾತಾಡಿದ ಅದೇ ದನಿಯಲ್ಲಿ. "ಕಿಟ್ಕಿ ಹಾಕ್ತೆ. ಬಿಸ್ಲ್ ಒಳಗ್ ಬತ್ತ್."